ಆಟಿ ತಿಂಗಳ ವಿಳಾಸ

"ಮದುವೆ ಆದ ಮೇಲೆ ಹೆಂಡತಿಯನ್ನು ಕರ್ಕೊಂಡು ಎಲ್ಲೆಲ್ಲಿಗೆ ಹೋಗಿದ್ದೀರಿ?"

ಕೇಳಿದ್ದು ಅಮೆರಿಕದ ಆಫೀಸರಲ್ಲ, ಕಂಡಕ್ಟರ್ ಕಿಟ್ಟಣ್ಣ. ಬದಿಯಡ್ಕ ಸ್ಟ್ಯಾಂಡಿನಲ್ಲಿ 'ಪ್ರಕೃತಿ' ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಕಿಟ್ಟಣ್ಣ ಇಂಜಿನ್ ಪೆಟ್ಟಿಗೆಯ ಮೇಲೆ ಕೂತು, ಟಿಕೆಟಿನ ಬ್ಯಾಗನ್ನು ಮಡಿಲಿಗೆ ಹಾಕಿಕೊಂಡು, ಮುಖವನ್ನು ಆದಷ್ಟು ಗಂಟು ಹಾಕಿಕೊಂಡಿದ್ದ. ಆಫೀಸರು ಎಂದರೆ ಹಾಗೇ ಇರಬೇಕು ಎಂದು ಅವನ ಲೆಕ್ಕ.

ಸ್ಟೇರಿಂಗ್ ಹಿಡಿದು ಕೂತಿದ್ದ ಡ್ರೈವರ್ ಧನರಾಜ್ ಕುತ್ತಿಗೆ ಒರೆಸಿಕೊಂಡ. "ನೆಕ್ರಾಜೆ ಕ್ರಾಸಿನಿಂದ ಬದಿಯಡ್ಕಕ್ಕೆ."

"ಮತ್ತೆ?"

"ಬದಿಯಡ್ಕದಿಂದ ನೆಕ್ರಾಜೆ ಕ್ರಾಸಿಗೆ."

"ಮಾರಾಯಾ, ನಾನು ಕೇಳಿದ್ದು ಹನಿಮೂನು. ನೀನು ಹೇಳಿದ್ದು ನಮ್ಮ ಟ್ರಿಪ್ಪು!"

ಮುಂದಿನ ಸೀಟಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಧನರಾಜನಿಗೂ ನಗು ಬಂತು, ಆದರೆ ಅದು ತುಟಿಯವರೆಗೆ ಬಂದು ಅಲ್ಲೇ ನಿಂತಿತು. ಹೇಳಿದ್ದು ಸತ್ಯವಾಗಿತ್ತಲ್ಲ, ಅದೇ ಅವನ ಸಂಕಟ.

ಅವನ ಹೆಂಡತಿ ಅಶ್ಮಿತಾ ಅಮೆರಿಕದಲ್ಲಿ ನರ್ಸ್. ಮದುವೆಯಾಗಿ ಎರಡು ವರ್ಷ ಆಗುತ್ತ ಬಂತು. ಗಂಡನನ್ನು ಕರೆಸಿಕೊಳ್ಳಲು ಅವಳು ಹಾಕಿದ ಅರ್ಜಿ ಯಾವ ಯಾವುದೋ ಮೇಜುಗಳ ಮೇಲೆ ಮಲಗಿ ಎದ್ದು, ಕೊನೆಗೂ ಮುಂಬಯಿಯ ಕಾನ್ಸುಲೇಟಿನಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಅಲ್ಲಿ ಗಾಜಿನ ಆಚೆ ಕೂತ ಆಫೀಸರಿಗೆ ಒಂದೇ ಒಂದು ಸಂಗತಿ ನಂಬಿಕೆಯಾಗಬೇಕು: ಇದು ನಿಜವಾದ ಮದುವೆ, ವೀಸಾಕ್ಕೆ ಕಟ್ಟಿದ ನಾಟಕ ಅಲ್ಲ. ನಂಬಿಕೆಯಾದರೆ ಹೆಂಡತಿಯ ಜೊತೆ ಬಾಳು. ಆಗದಿದ್ದರೆ ಇನ್ನೆಷ್ಟು ವರ್ಷ ಮೊಬೈಲಿನ ಗಾಜಿಗೆ ಕಣ್ಣು ಅಂಟಿಸಿಕೊಂಡಿರಬೇಕೋ ದೇವರಿಗೇ ಗೊತ್ತು.

ಬದಿಯಡ್ಕದ ಬಾಯಿಗಳೇನು ಸುಮ್ಮನಿದ್ದವೇ? "ಹೆಂಡತಿಯ ಸೆರಗು ಹಿಡ್ಕೊಂಡು ವಿಮಾನ ಹತ್ತುವ ಗಿರಾಕಿ" ಎಂದು ಚಾದಂಗಡಿಯಲ್ಲಿ ಅವನ ಬೆನ್ನ ಹಿಂದೆ ಹೇಳುವವರಿದ್ದರು. ಕೆಲವರು ಬೆನ್ನ ಹಿಂದೆ ಹೋಗುವ ಕಷ್ಟವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಧನರಾಜ್ ಗ್ಲಾಸು ಕೆಳಗಿಟ್ಟು ಎದ್ದು ಬರುತ್ತಿದ್ದ. ಮನಸ್ಸಿನಲ್ಲಿ ಇದ್ದದ್ದನ್ನು ಬಾಯಿಗೆ ತರುವ ಜಾತಿಯವನೇ ಅಲ್ಲ ಅವನು.

ಅವರ ಪ್ರೀತಿ ಸುರುವಾದದ್ದೂ ಹಾಗೆ, ಮಾತಿಲ್ಲದೆ.

ಅಶ್ಮಿತಾ ಕಾಸರಗೋಡಿಗೆ ನರ್ಸಿಂಗ್ ಕಲಿಯಲು ಹೋಗುತ್ತಿದ್ದ ಕಾಲ. ದಿನ ಬೆಳಗಾದರೆ ನೆಕ್ರಾಜೆಯ ಗುಡ್ಡ ಇಳಿದು, ಒಂದು ಕೈಯಲ್ಲಿ ಟಿಫಿನ್ ಬ್ಯಾಗು, ಇನ್ನೊಂದು ಕೈಯಲ್ಲಿ ಅರ್ಧ ಹೆಣೆದ ಜಡೆ ಹಿಡಿದು ಓಡಿ ಬರುತ್ತಿದ್ದಳು. ದಿನವೂ ತಡ. ದಿನವೂ ಬಸ್ಸು ಅವಳಿಗಾಗಿ ನಿಂತಿರುತ್ತಿತ್ತು. ಡ್ರೈವರ್ ಕೆಳಗಿಳಿದು ಗಂಭೀರವಾಗಿ ಟಯರಿಗೆ ಕಾಲಲ್ಲಿ ಒದ್ದು ನೋಡುತ್ತಿದ್ದ. ಅಷ್ಟು ಸಲ ಟಯರ್ ಚೆಕ್ ಮಾಡಿಸಿಕೊಂಡ ಬಸ್ಸು ಇಡೀ ಜಿಲ್ಲೆಯಲ್ಲಿ ಇನ್ನೊಂದಿರಲಿಕ್ಕಿಲ್ಲ!

ಅವಳು ಹತ್ತಿ ಜಡೆಯ ತುದಿಗೆ ರಬ್ಬರ್ ಹಾಕುತ್ತ ತಲೆ ಎತ್ತುತ್ತಿದ್ದಳು. ಡ್ರೈವರಿನ ತಲೆಯ ಮೇಲಿನ ಕನ್ನಡಿಯಲ್ಲಿ ಎರಡು ಕಣ್ಣು. ನೋಡಿಯೂ ನೋಡದ ಹಾಗೆ ರಸ್ತೆಗೆ ಜಾರುವ ಕಣ್ಣು. ಅವಳು ಬೇಕೆಂದೇ ಕಿಟಕಿಯ ಹೊರಗೆ ನೋಡಿ, ಫಕ್ಕನೆ ತಿರುಗುತ್ತಿದ್ದಳು. ಸಿಕ್ಕಿಬಿದ್ದವನ ಕಿವಿ ಕೆಂಪಾಗುತ್ತಿತ್ತು. ಅಷ್ಟೇ. ಕೋರ್ಸು ಮುಗಿಯುವವರೆಗೂ ಅಷ್ಟೇ.

ಮತ್ತೆ ಅವಳು ಸೌದಿಗೆ ಹೋದಳು, ಅಲ್ಲಿಂದ ಅಮೆರಿಕಕ್ಕೆ. ಮನೆಯವರು ತೋರಿಸಿದ ಗಂಡುಗಳನ್ನೆಲ್ಲ ಬೇಡ ಬೇಡ ಎಂದಳು. ಕೊನೆಗೆ ಸೋದರಮಾವ ಪ್ರೇಮನಾಥರು ತಾಳ್ಮೆ ಕೆಟ್ಟು, "ನಿನ್ನ ಮನಸ್ಸಿನಲ್ಲಿ ಯಾರಾದ್ರೂ ಉಂಟಾ ಹೇಳು" ಎಂದಾಗ, "ಪ್ರಕೃತಿ ಬಸ್ಸಿನ ಡ್ರೈವರಿಗೆ ಮದುವೆ ಆಗಿದೆಯಾ ಅಂತ ಒಮ್ಮೆ ಕೇಳಿ ಮಾಮ" ಎಂದಳಂತೆ. ಮಾಮ ನೀರು ಕುಡಿದು ಸುಧಾರಿಸಿಕೊಂಡು ಬದಿಯಡ್ಕಕ್ಕೆ ಬಂದರು.

ಹೆಣ್ಣು ನೋಡುವ ದಿನ ಧನರಾಜ್ ಇಸ್ತ್ರಿ ಹಾಕಿದ ಅಂಗಿಯೊಳಗೆ ಉಸಿರು ಬಿಗಿಹಿಡಿದು ಕೂತಿದ್ದ. ಶರಬತ್ತಿನ ಗ್ಲಾಸು ಕೊಡಲು ಬಗ್ಗಿದವಳು ಅವನಿಗೊಬ್ಬನಿಗೇ ಕೇಳುವಂತೆ, "ಟಯರೆಲ್ಲ ಸರಿ ಉಂಟಾ ಡ್ರೈವರ್ರೇ?" ಎಂದಳು. ಶರಬತ್ತು ನೆತ್ತಿಗೇರಿತು.

ಇಷ್ಟು ಚೆಂದದ ಕಥೆಗೆ ಸಾಕ್ಷಿ ಎಲ್ಲಿಂದ ತರುವುದು ಹೇಳಿ! ಒಂದು ಪತ್ರ ಇಲ್ಲ, ಒಂದು ಫೋಟೋ ಇಲ್ಲ. ಇನ್ನು ಮದುವೆಯ ನಂತರವಾದರೂ ಏನಾದರೂ ಇತ್ತೇ ಎಂದರೆ, ನಡುವೆ ಆಟಿ ಬಂತು.

ತುಳುವರಿಗೆ ಆಟಿ ಎಂದರೆ ಮಳೆಗಾಲದ ನಟ್ಟನಡುವಿನ ತಿಂಗಳು. ಶುಭಕಾರ್ಯ ಇಲ್ಲ, ಹೊಸ ಕೆಲಸ ಇಲ್ಲ. ಹೊಸದಾಗಿ ಮದುವೆಯಾದ ಹೆಣ್ಣು ಆ ತಿಂಗಳು ಗಂಡನ ಮನೆಯಲ್ಲಿ ಇರುವ ಕ್ರಮವಿಲ್ಲ. ತವರಿನವರು ಬಂದು ಕರೆದುಕೊಂಡು ಹೋಗುತ್ತಾರೆ. ಗಂಡನೂ ಅತ್ತ ತಲೆ ಹಾಕುವಂತಿಲ್ಲ. ಅಶ್ಮಿತಾಳಿಗೆ ಸಿಕ್ಕಿದ್ದೇ ಒಂದೂವರೆ ತಿಂಗಳ ರಜೆ. ಮದುವೆಯ ಗಲಾಟೆ, ನೆಂಟರ ಮನೆಯ ಊಟ ಎಂದು ಒಂದಷ್ಟು ದಿನ ಕಳೆಯುವಾಗ ಆಟಿ ಬಾಗಿಲಿಗೆ ಬಂದು ನಿಂತಿತ್ತು. ಅವಳ ಅಮ್ಮ ಹಲಸಿನ ಹಪ್ಪಳದ ಕಟ್ಟು ಹಿಡಿದು ಬಂದು, "ಮಗಳನ್ನು ಕಳಿಸ್ತೀರಾ?" ಎಂದರು. ಧನರಾಜನ ಅಮ್ಮ ಪಂಕಜಾಕ್ಷಿ, "ಕ್ರಮ ಅಲ್ವಾ, ಕರ್ಕೊಂಡು ಹೋಗಿ" ಎಂದರು. ಧನರಾಜ್ "ಆಗ್ಲಿ" ಎಂದ.

ಮರುದಿನದಿಂದ ಅಶ್ಮಿತಾಳಿಗೆ ಬದಿಯಡ್ಕದಲ್ಲಿ ದಿನವೂ ಒಂದೊಂದು ಕೆಲಸ. ಇವತ್ತು ಟೈಲರ್, ನಾಳೆ ಬ್ಯಾಂಕು, ನಾಡಿದ್ದು ಆಧಾರ್ ಕಾರ್ಡಿಗೆ ಅಕ್ಷಯ ಕೇಂದ್ರ. ಅವಳು ನೆಕ್ರಾಜೆ ಕ್ರಾಸಿನಲ್ಲಿ 'ಪ್ರಕೃತಿ' ಹತ್ತುತ್ತಿದ್ದಳು, ಬದಿಯಡ್ಕದಲ್ಲಿ ಇಳಿಯುತ್ತಲೇ ಇರಲಿಲ್ಲ. ಅದೇ ಬಸ್ಸಿನಲ್ಲಿ ತಿರುಗಿ ನೆಕ್ರಾಜೆಗೆ ಟಿಕೆಟ್ ಕೇಳುತ್ತಿದ್ದಳು. "ಟೈಲರ್ ಇರ್ಲಿಲ್ವಾ ತಂಗೀ?" ಎಂದು ಕಿಟ್ಟಣ್ಣ ಮಳ್ಳನಂತೆ ಕೇಳುತ್ತಿದ್ದ. ಗಂಡ ಹೆಂಡಿರು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದರು. ಹಾಗೆ ಆಟಿ ಕಳೆಯಿತು. ಆಟಿ ಕಳೆಯುವಾಗ ರಜೆಯೂ ಕಳೆದಿತ್ತು.

ಮತ್ತೆ ಅವಳಿಗೆ ಊರಿಗೆ ಬರುವಷ್ಟು ರಜೆ ಸಿಗಲಿಲ್ಲ.

*

"ಈ ಆಟಿ ಗೀಟಿ ಎಲ್ಲ ಆಫೀಸರ ಹತ್ರ ಬಾಯಿ ಬಿಡ್ಬೇಡಿ," ಎಂದ ವಿಜೇತ್.

ಕುಂಬಳೆ ಪೇಟೆಯ ಒಂದು ಮಾಳಿಗೆಯ ಮೇಲೆ ಅವನ ಆಫೀಸು. ಗಲ್ಫಿಗೆ ಹೋಗುವವರ, ಅಮೆರಿಕಕ್ಕೆ ಹೋಗುವವರ ಕಾಗದ ಪತ್ರ ಜೋಡಿಸಿ ಕೊಡುವುದು ಅವನ ವ್ಯವಹಾರ. "ಹೆಂಡತಿ ಇದ್ದದ್ದೇ ಒಂದೂವರೆ ತಿಂಗಳು. ಅದರಲ್ಲಿ ಒಂದು ತಿಂಗಳು ತವರಿಗೆ ಕಳಿಸಿದೆ ಅಂತ ಹೇಳಿದ್ರೆ ಅವರು ಎಂತ ಎಣಿಸ್ತಾರೆ? ಕಳ್ಳ ಮದುವೆ ಅಂತ ಸೀಲು ಹೊಡೀತಾರೆ. ಪೂರಾ ರಜೆ ನಿಮ್ಮ ಮನೆಯಲ್ಲೇ ಇದ್ದಳು ಅಂತ ಹೇಳಿ. ನಡುವೆ ಮುನ್ನಾರಿಗೆ ಹೋಗಿದ್ದೆವು ಅಂತ ಹೇಳಿ."

"ಹೋಗ್ಲಿಲ್ವಲ್ಲ."

"ಹೋಗಿದ್ದೀರಿ." ವಿಜೇತ್ ಕಂಪ್ಯೂಟರ್ ತಿರುಗಿಸಿದ.

ಪರದೆಯಲ್ಲಿ, ಚಾತೋಟದ ಗುಡ್ಡದ ಮುಂದೆ ಧನರಾಜ್ ಮತ್ತು ಅಶ್ಮಿತಾ ನಿಂತಿದ್ದರು. ಯಾವುದೋ ಆ್ಯಪಿನಲ್ಲಿ ಮಾಡಿದ್ದು. ಅಶ್ಮಿತಾ ಗುಲಾಬಿ ಸ್ವೆಟರ್ ಹಾಕಿದ್ದಳು, ತಲೆಯಲ್ಲಿ ಮಾತ್ರ ಮದುವೆಯ ದಿನದ ಮಲ್ಲಿಗೆ ಹಾಗೆಯೇ ಉಳಿದಿತ್ತು. ಅವಳ ಹೆಗಲ ಮೇಲೆ ಒಂದು ಕೈ ಇತ್ತು. ಬೆಳ್ಳಗಿನ, ಉದ್ದ ಬೆರಳಿನ ಕೈ. ಧನರಾಜ್ ತನ್ನ ಗಂಟು ಗಂಟು ಕೈ ನೋಡಿಕೊಂಡ. ತಾನು ಹೋಗದ ಮುನ್ನಾರಿನಲ್ಲಿ ಯಾರೋ ತನ್ನ ಹೆಂಡತಿಯ ಹೆಗಲು ಹಿಡಿದಿದ್ದಾನೆ!

ಆದರೂ ಅವನು ಬೇಡ ಎನ್ನಲಿಲ್ಲ. ಭಯ ಅಂಥದ್ದು. "ಆಗ್ಲಿ, ಅವಳ ಹತ್ರ ಒಮ್ಮೆ ಕೇಳ್ತೇನೆ," ಎಂದು ಮೆಟ್ಟಿಲಿಳಿದ.

ಸಂಜೆ ವೀಡಿಯೋ ಕಾಲಿನಲ್ಲಿ ಫೋಟೋ ತೋರಿಸಿದ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಅಶ್ಮಿತಾ ಹಲ್ಲುಜ್ಜುತ್ತ ನೋಡಿದಳು, ಬ್ರಶ್ ತೆಗೆದು ಮತ್ತೆ ನೋಡಿದಳು.

"ಆ ಕೈ ಯಾರದು?"

"ಗೊತ್ತಿಲ್ಲ."

"ನನಗೆ ಬೇಡ ಅದು. ಗುರ್ತ ಇಲ್ಲದವರ ಕೈ," ಎಂದು ನಕ್ಕವಳು ಫಕ್ಕನೆ ನಗು ನಿಲ್ಲಿಸಿದಳು. "ಸುಮ್ನೆ ತಮಾಷೆಗೆ ತೋರಿಸಿದ್ದಲ್ವಾ? ಇದನ್ನು ಅಲ್ಲಿಗೆ ತಗೊಂಡು ಹೋಗುದಿಲ್ಲ ಅಲ್ವಾ?"

ಧನರಾಜ್ ಮೂಗು ಒರೆಸಿದ, ಕಿವಿ ಮುಟ್ಟಿದ. ಅವಳಿಗೆ ಉತ್ತರ ಸಿಕ್ಕಿತು.

"ಅಯ್ಯೋ ದೇವರೇ! ನಾನು ಅರ್ಜಿಯಲ್ಲಿ ಸತ್ಯವೇ ಬರೆದದ್ದು. ಆಟಿ ತಿಂಗಳು ನಾನು ಇದ್ದ ವಿಳಾಸ ನೆಕ್ರಾಜೆ, ಅಮ್ಮನ ಮನೆ. ನೀವು ಬದಿಯಡ್ಕ ಅಂತ ಹೇಳಿದ್ರೆ ಒಬ್ಬರು ಸುಳ್ಳರು ಅಂತ ಆಗ್ತದೆ. ಮತ್ತೆ ಈ ಜನ್ಮದಲ್ಲಿ ವೀಸಾ ಸಿಗ್ಲಿಕ್ಕುಂಟಾ?"

ಎಂಥ ಗುಂಡಿಯ ಅಂಚಿಗೆ ಹೋಗಿ ನಿಂತಿದ್ದೆ ಎಂದು ಧನರಾಜನಿಗೆ ಈಗ ಗೊತ್ತಾಯಿತು. "ಆದ್ರೆ ಸತ್ಯ ಹೇಳಿದ್ರೆ ಎಂತ ಉಂಟು ಅಶ್ಮೀ, ತೋರಿಸ್ಲಿಕ್ಕೆ?"

"ನಾವು ಇದ್ದೇವಲ್ಲ. ತಾಳಿ, ನಾನೇ ಆಫೀಸರ್." ಅವಳು ಕೂದಲನ್ನು ಎತ್ತಿ ಕಟ್ಟಿ, ಕನ್ನಡಕ ಹಾಕಿ, ನೆಟ್ಟಗೆ ಕೂತಳು. "ಹೇಳಿ. ನಿಮ್ಮ ಹೆಂಡತಿಗೆ ಇಷ್ಟದ ತಿಂಡಿ ಎಂತದು?"

"ಬನ್ಸ್."

"ಸಿಟ್ಟು ಬಂದ್ರೆ ಎಂತ ಮಾಡ್ತಾಳೆ?"

"ಮಾತಾಡುದಿಲ್ಲ. ಪಾತ್ರೆ ತೊಳೀತಾಳೆ. ತೊಳೆದ ಪಾತ್ರೆಯನ್ನೇ ಪುನಃ ತೊಳೀತಾಳೆ."

ಅವಳ ತುಟಿಯ ಮೂಲೆ ಸ್ವಲ್ಪ ಅಲುಗಿತು. ಕನ್ನಡಕದ ಮೇಲಿನಿಂದ ಒಂದು ನೋಟ ಹಾಯಿತು. "ಹೆಂಡತಿ ನೋಡ್ಲಿಕ್ಕೆ ಹೇಗೆ?"

"ಆಫೀಸರು ಹಾಗೆ ಕೇಳ್ಲಿಕ್ಕಿಲ್ಲ."

"ಕೇಳಿದ್ರೆ?"

"ಈಗ ಈ ಕನ್ನಡಕದಲ್ಲಿ ಹೇಗಿದ್ದಾಳೋ ಹಾಗೆ ಅಂತ ಹೇಳ್ತೇನೆ. ನೋಡಿ ಸಾಕಾಗುದಿಲ್ಲ ಅಂತ ಹೇಳ್ತೇನೆ."

ಆಫೀಸರು ನಾಚಿ ಕೆಳಗೆ ನೋಡಿದರು. ಮತ್ತೆ ತಲೆ ಎತ್ತಿದಾಗ ಮುಖ ಬೇರೆಯೇ ಆಗಿತ್ತು. ಈ ಪ್ರಶ್ನೆಯನ್ನು ಅವಳು ಆಗಷ್ಟೇ ತಯಾರು ಮಾಡಿದ್ದಲ್ಲ, ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದಳು.

"ನಿಮ್ಮ ಹೆಂಡತಿ ಸಮುದ್ರ ದಾಟಿ ಬಂದದ್ದು. ಇದ್ದದ್ದು ಒಂದೂವರೆ ತಿಂಗಳು. ಅವಳನ್ನು ಯಾಕೆ ತವರಿಗೆ ಕಳಿಸಿದ್ರಿ?"

"ಆಟಿ ಅಲ್ವಾ. ಕ್ರಮ."

"ಕ್ರಮ ಗೊತ್ತುಂಟು. ಅವಳು ಹೋಗುದು ನಿಮಗೆ ಬೇಕಿತ್ತಾ?"

"ನಿನಗೇ ಹೋಗ್ಬೇಕು ಅಂತ ಇತ್ತಲ್ಲ. ಅಷ್ಟು ವರ್ಷ ಆದ್ಮೇಲೆ ಅಮ್ಮನ ಹತ್ರ ಇರುವ ಆಸೆ ಇರ್ತದೆ, ನಾನು ಅಡ್ಡ ಬರ್ಬಾರ್ದು ಅಂತ..."

"ನಾನು ಹೇಳಿದೆನಾ, ಹೋಗ್ಬೇಕು ಅಂತ?"

"ಇಲ್ಲ."

"ಬೇಡ ಅಂತ ನಾನು ಹೇಗೆ ಹೇಳುದು? ಹೊಸ ಸೊಸೆ. ನಿಮ್ಮ ಅಮ್ಮ ಎಂತ ಎಣಿಸ್ತಾರೆ, ಗಂಡನ ಬೆನ್ನು ಬಿಡದವಳು ಅಂತ? ನಾನು ಬ್ಯಾಗು ಹಿಡ್ಕೊಂಡು ಬಾಗಿಲಲ್ಲಿ ನಿಂತು ನಿಮ್ಮ ಮುಖ ನೋಡಿದೆ ಧನೂ. ನೀವು ರಿಕ್ಷಾ ಕರೀಲಿಕ್ಕೆ ಹೋದಿರಿ."

ಅವಳು ಕನ್ನಡಕ ತೆಗೆದಳು. ಕಣ್ಣು ತುಂಬಿತ್ತು.

"ಒಂದು ಸಲ 'ಹೋಗ್ಬೇಡ' ಅಂದಿದ್ರೆ ಸಾಕಿತ್ತು ನನಗೆ. ದಿನಾ ಬಸ್ಸು ಹತ್ತಿದ್ದು ಎಂತಕ್ಕೆ? ಇವತ್ತಾದ್ರೂ ಹೇಳ್ತೀರಾ ಅಂತ. ಒಂದು ದಿನ ಜೋರು ಮಳೆ, ಬಸ್ಸಲ್ಲಿ ಜನವೇ ಇಲ್ಲ. ಆವತ್ತೂ ನೀವು ರಸ್ತೆ ನೋಡಿದಿರಿ. ನಾನು ಎಣಿಸಿದೆ, ಇವರು ನನ್ನನ್ನು ಕಟ್ಟಿಕೊಂಡದ್ದು ವೀಸಾಕ್ಕಾ ಅಂತ. ಹೌದು, ನಾನೇ ಎಣಿಸಿದೆ. ಮತ್ತೆ ಆ ಆಫೀಸರು ಎಣಿಸುದರಲ್ಲಿ ಎಂತ ತಪ್ಪು?"

"ಅಶ್ಮೀ..."

ಕಾಲ್ ಕಟ್ಟಾಯಿತು.

*

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಒಬ್ಬರು ಉಣ್ಣುವಾಗ ಇನ್ನೊಬ್ಬರು ಮಲಗಿರುವ ಗಂಡ ಹೆಂಡಿರ ಜಗಳಕ್ಕೆ ಯಾವುದು ಗಡಿ? ಧನರಾಜ್ ಕರೆದ, ಅವಳು ಎತ್ತಲಿಲ್ಲ. ಮತ್ತೆ ಕರೆದ, ಡ್ಯೂಟಿ ಎಂದು ಮೆಸೇಜು ಬಂತು. ಅವನು ಉದ್ದಕ್ಕೆ ಏನೇನೋ ಬರೆದು, ಓದಿ, ನಾಚಿಕೆಯಾಗಿ ಅಳಿಸಿದ. ಕೊನೆಗೆ "ಊಟ ಆಯ್ತಾ?" ಎಂದಷ್ಟೇ ಕಳಿಸಿದ. ಇಂಥ ಹೊತ್ತಿನಲ್ಲಿ ಊಟದ ವಿಚಾರ ಕೇಳುವ ಗಂಡಸನ್ನು ಏನು ಮಾಡಬೇಕು ನೀವೇ ಹೇಳಿ.

ಸಿಟ್ಟು ಎಷ್ಟಿದ್ದರೂ ಅವಳು ನರ್ಸ್. ದಿನಕ್ಕೊಂದು ಸೂಚನೆ ಮಾತ್ರ ತಪ್ಪದೆ ಬರುತ್ತಿತ್ತು. "ಪೊಲೀಸ್ ಸರ್ಟಿಫಿಕೇಟಿನ ಒರಿಜಿನಲ್ ತಗೊಳ್ಳಿ." "ಮೆಡಿಕಲ್‌ಗೆ ಹೋಗುವಾಗ ಹಳೇ ಇಂಜೆಕ್ಷನಿನ ಚೀಟಿ ಇರ್ಲಿ." ಅದರ ಕೆಳಗೆ ಒಂದು ಹೂವಿಲ್ಲ, ಒಂದು ನಗುವಿನ ಗೊಂಬೆಯಿಲ್ಲ. ಧನರಾಜ್ ಅವನ್ನೇ ಪ್ರೇಮಪತ್ರದಂತೆ ಓದಿದ.

ಅವನು ವಿಜೇತನ ಹತ್ತಿರ ಹೋಗಿ ಮುನ್ನಾರಿನ ಫೋಟೋ ಬೇಡ ಎಂದ. "ನಾಳೆ ವೀಸಾ ಆಗ್ಲಿಲ್ಲಾಂದ್ರೆ ನನ್ನನ್ನು ಹೇಳ್ಬೇಡಿ ಮತ್ತೆ," ಎಂದು ವಿಜೇತ್ ಮುಖ ಊದಿಸಿಕೊಂಡ. ಹೊರಡುವ ದಿನ ಕಿಟ್ಟಣ್ಣ ಬೆನ್ನು ತಟ್ಟಿದ. "ಬಾಯಿ ಬಿಟ್ಟು ಮಾತಾಡು ಮಾರಾಯಾ. ಅಲ್ಲಿ ಹಾರ್ನು ಹೊಡೆದ್ರೆ ನಡೀಲಿಕ್ಕಿಲ್ಲ."

ರೈಲಿನ ಉದ್ದಕ್ಕೂ ಧನರಾಜ್ ಒಂದೇ ಯೋಚನೆಯನ್ನು ಕಡೆದ. ವೀಸಾ ಸಿಗದಿದ್ದರೆ ಅವಳು ದೂರವೇ ಉಳಿಯುತ್ತಾಳೆ, ಸರಿ. ಸಿಕ್ಕಿದರೆ? ಅವಳಿಗೆ ಈಗಲೂ ತಾನು ಬೇಕೇ? ಬೇಡವಾದ ಮನೆಗೆ ನೆಂಟನ ಹಾಗೆ ಪೆಟ್ಟಿಗೆ ಹಿಡಿದು ಹೋಗುವುದೇ?

*

ಫೋನು ಒಳಗೆ ಬಿಡುವುದಿಲ್ಲವೆಂದು ಲಾಡ್ಜಿನಲ್ಲೇ ಇಟ್ಟು, ಫೈಲನ್ನು ಎದೆಗೊತ್ತಿಕೊಂಡು ಧನರಾಜ್ ಕಾನ್ಸುಲೇಟಿನ ಸಾಲಿನಲ್ಲಿ ನಿಂತ. ಒಳಗೆ ಕುರ್ಚಿಗಳ ತುಂಬ ಜನ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅವನಿಗಿಂತ ಮೊದಲು ಹೋದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ತಿರುಗಿ ಬಂದಳು. ಅವಳ ಕೈಯಲ್ಲಿ ಪಾಸ್‌ಪೋರ್ಟ್ ಹಾಗೆಯೇ ಇತ್ತು. ಪಾಸ್‌ಪೋರ್ಟ್ ತಿರುಗಿ ಕೊಟ್ಟರೆ ಆಗಲಿಲ್ಲ ಎಂದೇ ಅರ್ಥ ಅಂತ ವಿಜೇತ್ ಹೇಳಿದ್ದ.

ಅವನ ನಂಬರ್ ಬಂತು. ಗಾಜಿನ ಆಚೆ ನಡುವಯಸ್ಸಿನ ಒಬ್ಬ ಅಮೆರಿಕದ ಹೆಂಗಸು. ಬಲಗೈ ಎತ್ತಿ ಸತ್ಯವನ್ನೇ ಹೇಳುತ್ತೇನೆ ಎಂದು ಆಣೆ ಮಾಡಿಸಿದರು. ಅವರದು ನಿಧಾನದ ಇಂಗ್ಲಿಷು, ಧನರಾಜನದು ಸರ್ವೀಸಿಗೆ ಬಂದ ಗಾಡಿಯಂಥ ಇಂಗ್ಲಿಷು, ತಳ್ಳಿದರೆ ಹೋಗುತ್ತಿತ್ತು.

ಎಲ್ಲಿ ಭೇಟಿಯಾದದ್ದು? ಬಸ್ಸಿನಲ್ಲಿ. ಮೊದಲು ಮದುವೆಯ ಮಾತೆತ್ತಿದ್ದು ಯಾರು? ಅವಳು. ನೀವು ಯಾಕೆ ಎತ್ತಲಿಲ್ಲ? ಧೈರ್ಯ ಇರಲಿಲ್ಲ.

ಆಫೀಸರ್ ಕಂಪ್ಯೂಟರ್ ನೋಡಿದರು, ಫೈಲು ತಿರುಗಿಸಿದರು. ಹುಬ್ಬು ಗಂಟಿಕ್ಕಿತು.

"ಮದುವೆಯ ನಂತರ ನಿಮ್ಮ ಹೆಂಡತಿ ಭಾರತದಲ್ಲಿ ಇದ್ದದ್ದು ಸ್ವಲ್ಪವೇ ದಿನ. ಅದರಲ್ಲಿ ಹೆಚ್ಚಿನ ದಿನ ಅವರ ವಿಳಾಸ ಬೇರೆ, ನಿಮ್ಮ ವಿಳಾಸ ಬೇರೆ. ಯಾಕೆ?"

ಬಂತಲ್ಲ! ಧನರಾಜ್ ಕೌಂಟರಿನ ಅಂಚು ಹಿಡಿದುಕೊಂಡ. ನಮ್ಮಲ್ಲಿ ಒಂದು ತಿಂಗಳು ಇದೆ, ಹೊಸ ಹೆಣ್ಣು ತಾಯಿಯ ಮನೆಗೆ ಹೋಗಬೇಕು, ಹಿಂದಿನಿಂದ ಬಂದ ಕ್ರಮ ಎಂದು ಹೇಗೋ ಹೇಳಿದ.

"ಆ ತಿಂಗಳು ನೀವು ಭೇಟಿಯೇ ಆಗಲಿಲ್ಲವೇ?"

"ದಿನವೂ ಆದೆವು. ನಾನು ಓಡಿಸುವ ಬಸ್ಸಿನಲ್ಲಿ. ಅವಳು ಹತ್ತುತ್ತಿದ್ದಳು. ಎಲ್ಲಿಯೂ ಇಳಿಯುತ್ತಿರಲಿಲ್ಲ."

"ಏನು ಮಾತಾಡುತ್ತಿದ್ದಿರಿ?"

"ಏನೂ ಇಲ್ಲ, ಮೇಡಂ."

ಆಫೀಸರ್ ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. ನಂಬಿದ ಮುಖವಲ್ಲ ಅದು. "ಮಿಸ್ಟರ್ ಧನರಾಜ್, ಹೆಂಡತಿ ತಾಯಿಯ ಮನೆಗೆ ಹೋಗುವುದು ನಿಮಗೆ ಇಷ್ಟವಿತ್ತೇ?"

ಸಮುದ್ರದ ಆಚೆಯಿಂದ ಇನ್ನೊಬ್ಬಳು ಕೇಳಿದ ಪ್ರಶ್ನೆ. ಅವಳಿಗೆ ಕೊಡಲಾಗದ ಉತ್ತರವನ್ನು ಗುರ್ತವಿಲ್ಲದ ಈ ಹೆಂಗಸಿಗೆ ಕೊಡಬೇಕಲ್ಲ ಎಂದು ಧನರಾಜನ ಕಣ್ಣು ಉರಿಯಿತು.

"ಇಲ್ಲ ಮೇಡಂ. ಸ್ವಲ್ಪವೂ ಇಷ್ಟವಿರಲಿಲ್ಲ. ಅವಳು ಹೋದ ಮೇಲೆ ಮನೆಯೊಳಗೆ ಕೂರಲಿಕ್ಕೆ ಆಗಲಿಲ್ಲ ನನಗೆ."

"ಅದನ್ನು ಅವರಿಗೆ ಹೇಳಿದಿರಾ?"

"ಇಲ್ಲ. ಅವಳಿಗೆ ಹೋಗುವ ಆಸೆ ಇದೆ ಅಂತ ನಾನು ತಿಳಿದೆ. ನನಗೆ ಕಳಿಸುವ ಆಸೆ ಇದೆ ಅಂತ ಅವಳು ತಿಳಿದಳು. ಇಬ್ಬರೂ ಮರ್ಯಾದೆಗೆ ಸುಮ್ಮನಾದೆವು. ಎರಡು ವರ್ಷ 'ಹೇಗಿದ್ದಿ, ಊಟ ಆಯ್ತಾ' ಅಂತ ಮಾತಾಡಿದೆವು, ಇದನ್ನು ಮಾತಾಡಲಿಲ್ಲ. ಈ ಸಂದರ್ಶನಕ್ಕೆ ಅಭ್ಯಾಸ ಮಾಡುವಾಗ ಅವಳು ನಿಮ್ಮ ಹಾಗೆ ಕೂತು ಇದೇ ಪ್ರಶ್ನೆ ಕೇಳಿದಳು. ಆಗ ಗೊತ್ತಾಯಿತು. ಅಂದಿನಿಂದ ನನ್ನ ಹತ್ತಿರ ಮಾತಾಡುತ್ತಿಲ್ಲ."

"ಈಗಲೂ?"

"ಈಗಲೂ ಇಲ್ಲ, ಮೇಡಂ. ಪೊಲೀಸ್ ಸರ್ಟಿಫಿಕೇಟ್ ಮರೆಯಬೇಡಿ ಅಂತ ಮಾತ್ರ ಬರೆಯುತ್ತಾಳೆ."

ಆಫೀಸರಿನ ಮುಖದಲ್ಲಿ ಏನೋ ಹಾದುಹೋಯಿತು. ಅವರು ಫೈಲು ಎತ್ತಿಕೊಂಡು ಒಳಗೆ ಹೋದರು. ಖಾಲಿ ಕುರ್ಚಿಯ ಮುಂದೆ ಧನರಾಜ್ ನಿಂತೇ ಇದ್ದ. ಹೇಳಬಾರದ್ದು ಹೇಳಿಬಿಟ್ಟೆನೇ? ಹೆಂಡತಿ ಮಾತೇ ಆಡುವುದಿಲ್ಲ ಎಂದು ಯಾವ ಮುಟ್ಠಾಳ ವೀಸಾ ಕೊಡುವವರ ಹತ್ತಿರ ಹೇಳುತ್ತಾನೆ?

ಅವರು ಬಂದರು. ಕೂತರು. ಧನರಾಜನ ಕಣ್ಣು ಅವರ ಮುಖಕ್ಕೆ ಹೋಗಲಿಲ್ಲ, ಪಾಸ್‌ಪೋರ್ಟ್ ಹಿಡಿದ ಕೈಗೆ ಹೋಯಿತು. ಆ ಕೈ ಪಾಸ್‌ಪೋರ್ಟನ್ನು ಗಾಜಿನ ಕೆಳಗಿನ ಸಂದಿಗೆ ತರಲಿಲ್ಲ. ಪಕ್ಕದ ಬುಟ್ಟಿಗೆ ಹಾಕಿತು.

"ನಿಮ್ಮ ವೀಸಾ ಮಂಜೂರಾಗಿದೆ," ಎಂದರು. ಮತ್ತೆ ಸ್ವಲ್ಪ ಬಗ್ಗಿ, "ಹೋಗಿ, ಮೊದಲು ಹೆಂಡತಿಗೆ ಫೋನ್ ಮಾಡಿ," ಎಂದರು.

*

ಲಾಡ್ಜಿನವರೆಗೆ ಅವನು ಓಡಿದನೋ ನಡೆದನೋ ಗೊತ್ತಿಲ್ಲ. ಫೋನು ತೆಗೆದರೆ ಪರದೆಯ ತುಂಬ ಅಶ್ಮಿತಾಳ ಮಿಸ್ಡ್ ಕಾಲು. ಒಳಗೆ ಫೋನು ಬಿಡುವುದಿಲ್ಲ ಎಂದು ಅವನಿಗೆ ಹೇಳಿದವಳೇ ಅವಳು. ಆದರೂ ಕರೆದಿದ್ದಳು, ಮತ್ತೆ ಮತ್ತೆ ಕರೆದಿದ್ದಳು.

ರಿಂಗ್ ಆಗುವ ಮೊದಲೇ ಎತ್ತಿದಳು. "ಎಂತ ಆಯ್ತು?"

"ಪಾಸ್‌ಪೋರ್ಟ್ ಅವರೇ ಇಟ್ಕೊಂಡ್ರು."

ಆ ಕಡೆ ಅವಳು ಅಳುತ್ತಿದ್ದಳು. ಧನರಾಜ್ ತಡೆಯಲಿಲ್ಲ, ತನ್ನದನ್ನೂ ತಡೆಯಲಿಲ್ಲ.

"ಅದೇ ಪ್ರಶ್ನೆ ಕೇಳಿದ್ರು ಅಶ್ಮೀ. ಇಷ್ಟ ಇರ್ಲಿಲ್ಲ ಅಂತ ಹೇಳಿದೆ. ನಿನಗೆ ಹೇಳ್ಬೇಕಾದ್ದು ಅವರಿಗೆ ಹೇಳಿದೆ. ಆವತ್ತು ಬಾಗಿಲಿಗೆ ಅಡ್ಡ ನಿಲ್ಬೇಕಿತ್ತು ನಾನು."

"ಈಗ ಗೊತ್ತಾಯ್ತಾ?" ಅಳುವಿನ ಒಳಗಿಂದಲೇ ಅವಳು ಗದರಿದಳು. "ಎರಡು ವರ್ಷ ಬೇಕಾಯ್ತು ಈ ಡ್ರೈವರಿಗೆ!"

"ನಿನಗೆ ಈಗಲೂ ಸಿಟ್ಟುಂಟಾ?"

"ಉಂಟು. ಅದು ಇರ್ಲಿ. ಯಾವಾಗ ಬರ್ತೀರಿ?"

"ವೀಸಾ ಆಗಿ ಪಾಸ್‌ಪೋರ್ಟ್ ಕೈಗೆ ಬರುವಾಗ ಇಲ್ಲಿ ಆಟಿ ಸುರು ಆಗ್ತದೆ."

ಅವಳ ದನಿ ಫಕ್ಕನೆ ತುಂಬ ಒಳ್ಳೆಯ ಸೊಸೆಯ ದನಿಯಾಗಿತ್ತು. "ಹಾಗಾದ್ರೆ ಆಟಿ ಕಳೆದು ಸೋಣದಲ್ಲಿ ಬನ್ನಿ. ಆಟಿಯಲ್ಲಿ ಹೊರಟ್ರೆ ಅತ್ತೆಗೆ ಬೇಜಾರಾದೀತು."

"ಆಗ್ಲಿ" ಎಂಬ ಮಾತು ಅಭ್ಯಾಸಬಲದಿಂದ ಧನರಾಜನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಅವನು ಅದನ್ನು ಕಚ್ಚಿ ಹಿಡಿದ.

"ಅಶ್ಮೀ, ಇದು ನೀನು ಹೇಳುದಾ, ಅಮ್ಮನಿಗೋಸ್ಕರ ಹೇಳುದಾ?"

ಅವಳು ಹೇಳುವವರೆಗೆ ಅವನು ಕಾಯಲಿಲ್ಲ.

"ನನಗೆ ಒಂದು ದಿವಸವೂ ಕಾಯ್ಲಿಕ್ಕೆ ಆಗುದಿಲ್ಲ. ನಾನು ಹೇಳಿ ಆಯ್ತು. ಈಗ ನೀನು ಹೇಳು, ನಿನಗೆ ಎಂತ ಬೇಕು?"

"ನಾಳೆಯೇ ಬನ್ನಿ," ಎಂದಳು ಅವಳು. "ನನಗೆ ನೀವು ನಾಳೆಯೇ ಬೇಕು ಧನೂ. ಆಟಿ ಹಾಳಾಗಿ ಹೋಗ್ಲಿ."

ಕೊನೆಗೆ ಅವನು ಅಮ್ಮನಿಗೆ ಫೋನ್ ಮಾಡಿದ. ವೀಸಾ ಆಯಿತೆಂದು ಹೇಳಿದ. ಅಮ್ಮ ದೇವರಿಗೆ ಕೈ ಮುಗಿದು ಮುಗಿಯುವವರೆಗೆ ಕಾದ. ಮತ್ತೆ, ಹುಟ್ಟಿದ ಮೇಲೆ ಮೊದಲ ಸಲ, ಒಪ್ಪಿಗೆ ಕೇಳದೆ ಹೇಳಿದ.

"ಅಮ್ಮ, ನಾನು ಸೋಣದವರೆಗೆ ಕಾಯುದಿಲ್ಲ. ಆಟಿಯಲ್ಲೇ ಹೋಗ್ತೇನೆ."

"ಹೋಗು. ಬೇಡ ಅಂತ ಯಾರು ಹೇಳಿದ್ದು?"

"ಆವತ್ತು ಅವಳನ್ನು ಕಳಿಸಿದ್ದು ಕ್ರಮ ಅಂತ ಅಲ್ವಾ?"

"ಅವಳ ಅಮ್ಮ ಮನೆಗೆ ಬಂದು ಕೇಳುವಾಗ ಆಗುದಿಲ್ಲ ಅಂತ ನಾನು ಹೇಗೆ ಹೇಳ್ಲಿ ಮಗಾ? ನೀನು ಒಂದು ಮಾತು 'ಇರ್ಲಿ ಅಮ್ಮ' ಅಂದಿದ್ರೆ ಖಂಡಿತಾ ಕಳಿಸ್ತಾ ಇರ್ಲಿಲ್ಲ. ನೀನು ಹೇಳ್ತಿ ಅಂತ ನಾನು ಕಾದೆ."

ಧನರಾಜ್ ಲಾಡ್ಜಿನ ಮೆಟ್ಟಿಲಲ್ಲಿ ಹಾಗೆಯೇ ಕೂತುಬಿಟ್ಟ.

"ಅಳುದೆಂತಕ್ಕೆ ಈಗ?" ಎಂದರು ಅಮ್ಮ. "ಎದ್ದು ಟಿಕೆಟ್ ಮಾಡು, ಹೋಗು. ಆ ಹುಡುಗಿ ಒಬ್ಬಳೇ ಇದ್ದಾಳೆ."